ತಿಪ್ಪಕ್ಕನ ನೊರೆಹಾಲು

ಕೊರೊನಾ ಗಲಾಟೆ ಮುಗಿದು ಜನ ಮೂತಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬಿಸಾಕಿದ ವರ್ಷ ಅದು. ಆ ದಸರೆಯ ಹೊತ್ತಿಗೆ ನಾನು ಹೊಸದುರ್ಗ ತಾಲ್ಲೂಕಿನ ಒಂದು ಗುಡ್ಡದ ಮೇಲೆ ಗಾಳಿಯಂತ್ರ ಕಾಯುವ ಕೆಲಸಕ್ಕೆ ಸೇರಿದ್ದೆ. ನಮ್ಮ ಕಡೆ ಅದನ್ನು ಯಾರೂ ಗಾಳಿಯಂತ್ರ ಅನ್ನುವುದಿಲ್ಲ, ಫ್ಯಾನು ಅಂತಾರೆ. ಅಷ್ಟು ದೊಡ್ಡ ಫ್ಯಾನನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಎಂದು ನಗಬೇಡಿ. ಅದರ ಬುಡದಲ್ಲಿರುವ ತಾಮ್ರದ ವೈರಿಗೆ ಕಳ್ಳರಿದ್ದಾರೆ. ನನಗೆ ಇರಲು ಒಂದು ತಗಡಿನ ಶೆಡ್ಡು, ಒಂದು ಗ್ಯಾಸ್ ಒಲೆ, ವಾರಕ್ಕೊಮ್ಮೆ ಜೀಪಿನಲ್ಲಿ ಬರುವ ಅಕ್ಕಿಬೇಳೆ, ಇಷ್ಟು ಕೊಟ್ಟಿದ್ದರು.

ನನ್ನ ಬಾಯಿ ಒಳ್ಳೆಯದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ ಜೊತೆ, ಸಂತೆಯಲ್ಲಿ ಸೊಪ್ಪಿನವಳ ಜೊತೆ, ತುರುವನೂರಿನಲ್ಲಿರುವ ಒಡಹುಟ್ಟಿದ ತಮ್ಮನ ಜೊತೆ, ಎಲ್ಲರ ಜೊತೆಗೂ ನನಗೆ ಜಗಳ. ಹೆಂಡತಿ ಇದ್ದಾಗ ನಾನು ಕೆಡಿಸಿದ್ದನ್ನೆಲ್ಲ ಅವಳು ಹಿಂದಿನಿಂದ ಹೋಗಿ ಸರಿಮಾಡಿ ಬರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಸರಿಮಾಡುವವರಿಲ್ಲದೆ ಒಬ್ಬೊಬ್ಬರೇ ದೂರವಾದರು. ಮಕ್ಕಳಿಲ್ಲ. ಯಾವ ನರಮನುಷ್ಯನ ಮುಖವೂ ಬೇಡ ಎಂದುಕೊಂಡೇ ಗುಡ್ಡ ಹತ್ತಿದ್ದೆ. ಹತ್ತಿ ಸ್ವಲ್ಪ ದಿನಕ್ಕೇ ಗೊತ್ತಾಯಿತು, ಜಗಳಗಂಟನಿಗೂ ಎದುರಿಗೊಬ್ಬ ಮನುಷ್ಯ ಬೇಕು. ಫ್ಯಾನು ಹಗಲೂ ರಾತ್ರಿ ಹುಂ ಹುಂ ಎನ್ನುತ್ತಿತ್ತು. ನಾನು ಏನು ಬೈದರೂ ಹುಂ ಎನ್ನುತ್ತಿತ್ತು. ಅದನ್ನು ಎಷ್ಟು ದಿನ ಅಂತ ಬೈಯುವುದು!

ಅಂಥ ಒಂದು ಬೆಳಿಗ್ಗೆ ಹತ್ತು ಹದಿನೈದು ಆಡು ನನ್ನ ಶೆಡ್ಡಿನ ಹಿಂದಿನ ತಂತಿಬೇಲಿಗೆ ನುಗ್ಗಿದವು. ಹಿಂದೆಯೇ ಒಬ್ಬ ಹೆಂಗಸು ಬಂದಳು. ಅರವತ್ತು ದಾಟಿದವಳು, ತಲೆಮೇಲೆ ಮಡಿಸಿ ಹಾಕಿಕೊಂಡ ಗೋಣಿಚೀಲ, ಕೈಯಲ್ಲಿ ಉದ್ದನೆಯ ಕೋಲು. ನಾನು ಕೂಗಿದೆ, "ಏಯ್ ಮುದುಕಿ, ಹೊಡ್ಕಂಡ್ ಹೋಗು ನಿನ್ನ ಆಡ್ನ! ಕರೆಂಟೈತೆ ಇಲ್ಲಿ, ಸಾಯ್ತವೆ!"

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಲೇ, ಈ ಗುಡ್ಡ ನಿಮ್ಮಪ್ಪ ತಂದಿಟ್ಟಿದ್ದೇನಲೇ? ನಿನ್ನ ಫ್ಯಾನು ಬರಾಕ್ ಮುಂಚೆ ನನ್ನ ಆಡು ಬಂದವೆ. ಅವಕ್ಕೆ ನಿನ್ಗಿಂತ ಬುದ್ಧಿ ಐತೆ."

ನನಗೆ ನಗು ಬಂದುಬಿಟ್ಟಿತು. ಹೆಂಡತಿ ಹೋದ ಮೇಲೆ ನಾನು ಹಾಗೆ ನಕ್ಕಿದ್ದು ಅದೇ ಮೊದಲು. ಗುಡ್ಡದ ಕೆಳಗಿನ ಹಟ್ಟಿಯ ತಿಪ್ಪಕ್ಕ ನನಗೆ ಪರಿಚಯವಾದದ್ದು ಹೀಗೆ, ಬೈಗುಳದಿಂದ. ಅವಳ ಗಂಡನೂ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಹಿರಿಯೂರಿನ ಕಡೆ ಕೊಟ್ಟಿದ್ದಳು. ಮನೆಯಲ್ಲಿ ಇವಳು ಮತ್ತು ಆಡುಗಳು ಮಾತ್ರ.

ಅವತ್ತಿನಿಂದ ದಿನಾ ಬೆಳಿಗ್ಗೆ ಅವಳು ಶೆಡ್ಡಿನ ಮುಂದಿನ ಹಾಸುಬಂಡೆಯ ಮೇಲೆ ಕುಳಿತು ಎಲೆಅಡಿಕೆ ಹಾಕಿಕೊಂಡು ಹೋಗುವುದು ರೂಢಿಯಾಯಿತು. ನಾನು ಹಾಲಿಲ್ಲದ ಟೀ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಥೂ ಎಂದು ಉಗಿದಳು. "ಚೊಂಬು ತಗಂಬಾ ಇಲ್ಲಿ" ಎಂದಳು. ನನ್ನ ಸ್ಟೀಲ್ ಚೊಂಬು ಕೊಟ್ಟೆ. ಅದು ನನ್ನ ಮದುವೆಯಲ್ಲಿ ಬಂದದ್ದು, ಕಂಠದ ಹತ್ತಿರ ಹೆಂಡತಿಯ ಹೆಸರು ಕೊರೆಸಿದೆ. ತಿಪ್ಪಕ್ಕ ಕೆಂಚಿ ಎನ್ನುವ ಕೆಂದು ಬಣ್ಣದ ಆಡನ್ನು ಕಾಲಸಂದಿಯಲ್ಲಿ ಸಿಕ್ಕಿಸಿಕೊಂಡು ಚೊಂಬಿಗೆ ಚರ್ ಚರ್ ಎಂದು ಹಾಲು ಕರೆದಳು. ನೊರೆ ಉಕ್ಕಿ ಬಂತು. ನಾನು ಒಲೆ ಹಚ್ಚಲು ಎದ್ದರೆ ಕೋಲಿನಿಂದ ಮೊಣಕಾಲಿಗೆ ತಿವಿದಳು.

"ಕಾಯ್ಸಿದ್ರೆ ಅದ್ರಾಗೇನು ಉಳೀತೈತೆ, ನೀರು! ಆಡು ಮುಟ್ಟದ ಸೊಪ್ಪಿಲ್ಲ ಅಂತ ಕೇಳಿಲ್ವೇನಪ್ಪ? ಈ ಗುಡ್ಡದ ಮದ್ದೆಲ್ಲ ಇವುಗಳ ಹೊಟ್ಟೇಲೈತೆ. ಕೆಚ್ಚಲ ಬಿಸಿ ಆರೋದ್ರೊಳಗೆ ಕುಡಿ."

ಕುಡಿದೆ. ರುಚಿಗಿಂತ ಹೆಚ್ಚಾಗಿ, ಒಬ್ಬರು ನನ್ನನ್ನು ಗದರಿಸಿ ಕುಡಿಸಿದರಲ್ಲ, ಅದು ಹಿತವಾಗಿತ್ತು. ಆಮೇಲೆ ದಿನಾ ಅದೇ. ಬೆಳಕು ಹರಿಯುತ್ತಲೇ ಚೊಂಬು ತೊಳೆದು ಬಂಡೆಯ ಮೇಲೆ ಬೋರಲು ಹಾಕಿ ಕಾಯುತ್ತಿದ್ದೆ. ನಾನು ಅವಳನ್ನು ಅಕ್ಕ ಎಂದೆ, ಅವಳು ನನ್ನನ್ನು ತಮ್ಮ ಎಂದಳು. ಜಗಳ ಮಾತ್ರ ನಿಲ್ಲಲಿಲ್ಲ. ಟೀಗೆ ಸಕ್ಕರೆ ಜಾಸ್ತಿ ಎಂದು ಅವಳು, ಎಲೆಅಡಿಕೆ ಉಗಿದು ಬಂಡೆ ಗಲೀಜು ಮಾಡಿದಳೆಂದು ನಾನು.

ಕಾರ್ತಿಕ ಮುಗಿಯುವ ಹೊತ್ತಿಗೆ ಆಡುಗಳು ಕಂದು ಹಾಕಲು ಶುರುಮಾಡಿದವು. ಕಂದು ಹಾಕುವುದು ಎಂದರೆ ತಿಂಗಳು ತುಂಬುವ ಮೊದಲೇ ಸತ್ತ ಮರಿ ಹಾಕುವುದು. ಮೊದಲು ಒಂದು, ಆಮೇಲೆ ಇನ್ನೊಂದು. ಹಾಲು ಕೊಡುತ್ತಲೇ ಮತ್ತೆ ಗಬ್ಬವಾಗಿದ್ದ ಕೆಂಚಿಯೂ ಒಂದು ದಿನ ಫ್ಯಾನಿನ ನೆರಳಿನಲ್ಲಿ ಮಲಗಿ ನರಳತೊಡಗಿತು. ತಿಪ್ಪಕ್ಕ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ನಾನೇ ಕೈ ಹಾಕಿ ಮರಿ ಎಳೆದೆ. ಕೂದಲೂ ಸರಿಯಾಗಿ ಮೂಡಿರಲಿಲ್ಲ ಅದಕ್ಕೆ. ಮರಿಯ ಹಿಂದೆ ಬೀಳಬೇಕಾದ ಕಸ ಬೀಳದೆ ಒದ್ದಾಡುತ್ತಿದ್ದ ಕೆಂಚಿಯ ಹೊಟ್ಟೆ ನೀವಿ, ಬಿದ್ದದ್ದನ್ನು ಬರಿಗೈಯಲ್ಲೇ ಎತ್ತಿ ಪೊದೆಯ ಆಚೆಗೆ ಹೂತು ಬಂದೆ. ಕೈಯಲ್ಲಿ ತಂತಿ ಗೀರಿದ ಗಾಯಗಳಿದ್ದವು. ಅದರ ಕಡೆ ಯಾರಿಗೆ ಗ್ಯಾನ?

"ಯಾರ್ ಕಣ್ಣು ಬಿತ್ತೋ" ಎಂದು ತಿಪ್ಪಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನ ಕೈ ತಣ್ಣಗಿರ್ಲಿ ತಮ್ಮ. ನೀನಿಲ್ದಿದ್ರೆ ಕೆಂಚಿನೂ ಹೋಗೋಳು."

ಸಂಕ್ರಾಂತಿಯ ಹೊತ್ತಿಗೆ ನನಗೆ ಜ್ವರ ಹಿಡಿಯಿತು. ಎಂಥ ಜ್ವರ ಅಂತೀರಿ! ಬೆಳಿಗ್ಗೆ ಏನೂ ಇಲ್ಲ, ಸಂಜೆ ಹೊತ್ತು ಮುಳುಗುತ್ತಲೂ ನಡುಕ. ಆಮೇಲೆ ಬೆವರು ಸುರಿದು ಹಾಸಿಗೆಯೆಲ್ಲ ಒದ್ದೆ. ಸೊಂಟ, ಕೀಲು ಎಲ್ಲ ಕಿತ್ತು ಹೋಗುವ ಹಾಗೆ ನೋವು. ಹೊಳಲ್ಕೆರೆಯ ಒಬ್ಬ ಡಾಕ್ಟರು ಟೈಫಾಯಿಡ್ ಎಂದು ಸೂಜಿ ಹಾಕಿದರು. ಒಂದು ವಾರ ಸುಮ್ಮನಿದ್ದು ಮತ್ತೆ ಬಂತು. ಇನ್ನೊಬ್ಬರು ಸೊಂಟಕ್ಕೆ ಮುಲಾಮು ಕೊಟ್ಟರು. ನಾನು ಸೊರಗಿದಷ್ಟೂ ತಿಪ್ಪಕ್ಕ ಹಾಲು ಹೆಚ್ಚಿಸಿದಳು. ಉಳಿದ ಆಡುಗಳ ಮರಿಗಳನ್ನು ಕೆಚ್ಚಲಿನಿಂದ ಬಿಡಿಸಿ ನನಗೆ ಹಿಂಡಿಕೊಟ್ಟಳು. "ಕುಡಿ, ಕುಡಿ, ಮೈಗೆ ಹತ್ತಲಿ" ಎನ್ನುವಳು. ಮರಿಗಳು ಪಕ್ಕದಲ್ಲಿ ಬ್ಯಾ ಎಂದು ಅಳುತ್ತಿದ್ದವು. ಆ ಅಮೃತವನ್ನು ನಾನು ಕಣ್ಣುಮುಚ್ಚಿ ಕುಡಿದೆ.

ಶಿವರಾತ್ರಿ ಕಳೆದ ಮೇಲೆ ಎದ್ದು ನಿಲ್ಲಲೂ ಆಗದೆ ಜೀಪಿನವನೇ ನನ್ನನ್ನು ದುರ್ಗದ ಜಿಲ್ಲಾಸ್ಪತ್ರೆಗೆ ತಂದು ಬಿಟ್ಟು ಹೋದ. ಅಡ್ಮಿಟ್ ಮಾಡಿಕೊಳ್ಳುವ ನರ್ಸಮ್ಮ, "ಜೊತೆಗೆ ಯಾರು ಬಂದಿದಾರೆ?" ಎಂದಳು. ಯಾರೂ ಇಲ್ಲ ಎಂದೆ. "ಹಂಗಂದ್ರೆ ಹೆಂಗ್ರಿ? ಯಾರಾದ್ರೂ ಇರ್ಲೇಬೇಕಲ್ಲ!" ಎಂದಳು. ಅವಳ ತಪ್ಪಲ್ಲ. ಆದರೆ ಆ ಮಾತು ಜ್ವರಕ್ಕಿಂತ ಜೋರಾಗಿ ನಾಟಿತು. ವಾರ್ಡಿನಲ್ಲಿ ಎಲ್ಲರ ಮಂಚದ ಪಕ್ಕವೂ ಒಬ್ಬರು ಕುಳಿತು ಕಿತ್ತಳೆ ಸುಲಿಯುತ್ತಿದ್ದರು. ನನ್ನ ಮಂಚದ ಪಕ್ಕ ಒಂದು ಖಾಲಿ ಸ್ಟೂಲು. ಬೇರೆಯವರು ಬಂದು, "ಇದು ಯಾರ್ದಾದ್ರೂ ಐತಾ?" ಎಂದು ಕೇಳಿ ಅದನ್ನೂ ಎತ್ತಿಕೊಂಡು ಹೋದರು.

ನೋಡಿದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಪೊದೆಯಲ್ಲಿ ಓಡಾಡುವವರಿಗೆ ಸಣ್ಣ ನುಸಿಹುಳ ಕಚ್ಚಿ ಬರುವ ಜ್ವರ ಒಂದಿದೆಯಂತೆ, ಕಚ್ಚಿದ ಜಾಗದಲ್ಲಿ ಸುಟ್ಟಂಥ ಕರಿ ಕಲೆ ಇರುತ್ತದಂತೆ. ಅದನ್ನು ಹುಡುಕಲು ಅಂಗಿ ಬಿಚ್ಚಿ, ಬನಿಯನ್ ಬಿಚ್ಚಿ, ಕಂಕುಳು ತೋರಿಸಿ, ಲುಂಗಿ ಸಡಿಲಿಸಿ ಎಂದರು. ನನಗೊಬ್ಬ ಮಗಳಿದ್ದಿದ್ದರೆ ಅವಳ ವಯಸ್ಸಿನವರು! ನಾಚಿಕೆಗೆ ಸಿಟ್ಟೇ ಬಂತು. "ಏನ್ರಮ್ಮ, ಜ್ವರಕ್ಕೆ ಬಂದೋನ ಲುಂಗಿ ಬಿಚ್ಚಿಸ್ತೀರಲ್ಲ!" ಎಂದು ಕೂಗಾಡಿದೆ. ಪಕ್ಕದ ಮಂಚದವರೆಲ್ಲ ನಕ್ಕರು. ಆಯಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಕಲೆ ಸಿಗಲಿಲ್ಲ.

"ದನ, ಕುರಿ ಏನಾದ್ರೂ ಸಾಕಿದೀರಾ?" ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜವೇ, ನಾನು ಸಾಕಿದ್ದು ಫ್ಯಾನನ್ನು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಆಸ್ಪತ್ರೆಯ ಟೀ ಕುಡಿದು ನಾನು ಮುಖ ಸಿಂಡರಿಸಿದ್ದನ್ನು ಕಂಡು, "ಯಾಕೆ, ಟೀ ಚೆನ್ನಾಗಿಲ್ವಾ?" ಎಂದರು.

"ಇದೂ ಒಂದು ಹಾಲಾ? ನಮ್ಮ ಗುಡ್ಡದಾಗೆ ಕೆಚ್ಚಲಿಂದ ನೇರ ಚೊಂಬಿಗೆ, ಚೊಂಬಿಂದ ಬಾಯಿಗೆ" ಎಂದು ಜಂಬ ಕೊಚ್ಚಿದೆ.

ಡಾಕ್ಟರಮ್ಮ ಬರೆಯುತ್ತಿದ್ದುದನ್ನು ನಿಲ್ಲಿಸಿದರು. "ಯಾವ ಹಾಲು? ಕಾಯಿಸಲ್ವಾ? ಆ ಆಡುಗಳು ಏನಾದ್ರೂ ಕಂದು ಹಾಕಿದ್ವಾ?" ಒಂದೊಂದೇ ಕೇಳುತ್ತಾ ಹೋದರು. ನಾನು ಕೆಂಚಿಯ ಕಥೆ ಹೇಳಿದೆ. ಅವತ್ತೇ ರಕ್ತ ತೆಗೆದು ಬೇರೆ ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ, ಬ್ರುಸೆಲ್ಲಾ ಎನ್ನುವ ರೋಗಾಣು. ಪಕ್ಕದ ಮಂಚದ ಯಜಮಾನ, "ಹಾಲು ಕುಡಿದ ಮಕ್ಳೇ ಬದುಕಲ್ಲ, ಇನ್ನು ವಿಷ ಕುಡಿದ ಮಕ್ಳು ಬದುಕ್ತಾವಾ ಅಂತಾರೆ, ನಿಂದು ಮೊದಲ್ನೇದಾತು ನೋಡಪ್ಪ" ಎಂದು ಚುಡಾಯಿಸಿದ.

ಡಾಕ್ಟರಮ್ಮ ನನಗೆ ಅರ್ಥವಾಗುವ ಹಾಗೆ ಹೇಳಿದರು. ನಮ್ಮ ರಕ್ತದಲ್ಲಿ ರೋಗಾಣುವನ್ನು ಹಿಡಿದು ನುಂಗುವ ಕಾವಲುಗಾರ ಕಣಗಳಿರುತ್ತವಂತೆ. ಈ ರೋಗಾಣು ನುಂಗಿಸಿಕೊಂಡರೂ ಸಾಯದೆ ಆ ಕಾವಲುಗಾರನ ಹೊಟ್ಟೆಯೊಳಗೇ ಮನೆ ಮಾಡಿಕೊಂಡು ಬೆಳೆಯುತ್ತದಂತೆ. ಅದಕ್ಕೇ ಜ್ವರ ಹೋದ ಹಾಗೆ ಮಾಡಿ ಮತ್ತೆ ಬರುವುದು. "ವಾಚ್‌ಮನ್ ಶೆಡ್ಡಲ್ಲೇ ಕಳ್ಳ ಮಲಗಿದ ಹಂಗಾತಲ್ಲಮ್ಮ" ಎಂದೆ. ಹೂಂ, ಅದೇ ಎಂದು ನಕ್ಕರು. ಆಡಿನಲ್ಲಿ ಅದು ಗರ್ಭದಲ್ಲೂ ಕೆಚ್ಚಲಲ್ಲೂ ಕೂರುತ್ತದಂತೆ. ಆಡು ಚೆನ್ನಾಗಿಯೇ ಮೇಯುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಕಂದು ಹಾಕಿದಾಗಲೇ ಗೊತ್ತು. ಹಾಲು ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಒಂದೂವರೆ ತಿಂಗಳು ಮಾತ್ರೆ ತಪ್ಪಿಸಬಾರದು ಎಂದರು. ಉಚ್ಚೆ ಕೆಂಪಗೆ ಬರುತ್ತದೆ, ಹೆದರಬೇಡಿ ಎಂದೂ ಹೇಳಿದರು.

ಜ್ವರ ಇಳಿದು ನಾನು ಆಸ್ಪತ್ರೆಯಿಂದ ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಆ ಅಜ್ಜಿಗೆ ಹೇಳ್ಲೇಬೇಕು ನೀವು. ಅವರಿಗೂ ಇರಬಹುದು. ಬಿಟ್ರೆ ಬೆನ್ನುಮೂಳೆ, ಹೃದಯ ಎಲ್ಲಾ ಹಾಳಾಗುತ್ತೆ."

ಬಸ್ಸಿನಲ್ಲಿ ಕುಳಿತು ಅದೇ ಯೋಚನೆ. ತಿಪ್ಪಕ್ಕ ಸಂಜೆ ಆದರೆ ಚಳಿ ಎಂದು ಗೋಣಿಚೀಲ ಹೊದೆಯುತ್ತಿದ್ದಳು, ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ವಯಸ್ಸಾಯ್ತು ಎಂದು ಇಬ್ಬರೂ ಸುಮ್ಮನಿದ್ದೆವು. ಹೇಳದಿದ್ದರೆ ಅವಳ ಜೀವಕ್ಕೆ ಅಪಾಯ. ಹೇಳಿದರೆ ಆಡು ಹೋಗುತ್ತವೆ. ಆಡು ಹೋದರೆ ಅವಳು ಗುಡ್ಡ ಯಾಕೆ ಹತ್ತುತ್ತಾಳೆ? ಈ ಭೂಮಿಯ ಮೇಲೆ ನನಗೆ ಇದ್ದದ್ದು ಅವಳೊಬ್ಬಳೇ. ಹೇಳಲೋ ಬೇಡವೋ ಎಂದು ಹೊಸದುರ್ಗ ಬರುವ ತನಕ ಒದ್ದಾಡಿದೆ.

ಮಾರನೆಯ ಬೆಳಿಗ್ಗೆ ನನ್ನನ್ನು ಕಂಡಿದ್ದೇ ತಿಪ್ಪಕ್ಕ ಕೋಲು ಬಿಸಾಕಿ ಓಡಿಬಂದಳು. ಮುಖ ಸವರಿ ನೆಟಿಗೆ ಮುರಿದಳು. ನಾನು ಬೇಡ ಎನ್ನುವುದರೊಳಗೆ ಬಂಡೆಯ ಮೇಲಿದ್ದ ಚೊಂಬು ಎತ್ತಿಕೊಂಡು ಹಾಲು ಕರೆದೇಬಿಟ್ಟಳು.

"ಕುಂತ್ಕ ಅಕ್ಕ. ಒಂದ್ ಮಾತೈತೆ" ಎಂದೆ.

"ಮೊದ್ಲು ಕುಡಿಯಪ್ಪ. ನೋಡು, ಕಡ್ಡಿ ಆಗಿದೀಯ."

ನಾನು ಜೀವಮಾನದಲ್ಲಿ ಅಷ್ಟು ಮೆತ್ತಗೆ ಯಾರ ಹತ್ತಿರವೂ ಮಾತಾಡಿರಲಿಲ್ಲ. "ಅಕ್ಕ, ನನ್ನ ಜ್ವರ ಆಡಿಂದ ಬಂದಿದ್ದಂತೆ. ಹಸಿಹಾಲಿಂದ್ಲೋ, ಕಂದು ಹಾಕಿದ್ದು ಮುಟ್ಟಿದ್ದಕ್ಕೋ. ನಿನ್ನ ತಪ್ಪೇನಿಲ್ಲ. ನಿನ್ಗೂ ಇರ್ಬೌದಂತೆ. ದುರ್ಗಕ್ಕೆ ಹೋಗಾಣ, ರಕ್ತ ತೋರ್ಸಾಣ. ಆಡಿಗೂ ಡಾಕ್ಟ್ರು ಬರ್ತಾರೆ."

ಅವಳು ಚೊಂಬಿನೊಳಗಿನ ನೊರೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಅಂದ್ರೆ ನಾನು ನಿನ್ಗೆ ಇಷ್ಟ್ ದಿನ ವಿಷ ಹಾಕಿದ್ನೇನಪ್ಪ?" ಎಂದಳು, ಬಹಳ ಸಣ್ಣ ದನಿಯಲ್ಲಿ.

"ಹಂಗಲ್ಲ ಅಕ್ಕ..."

"ಮರೀನ ಬಿಡ್ಸಿ ಹಿಂಡಿದ್ನಲ್ಲೋ ನಿನ್ಗೆ. ಅವು ಅರಚ್ಕಂತಿದ್ರೂ ಹಿಂಡಿದ್ನಲ್ಲೋ."

ಚೊಂಬನ್ನು ಬಗ್ಗಿಸಿದಳು. ಹಾಲು ಬಂಡೆಯ ಮೇಲೆ ಹರಿದು ಸಂದಿಗೆ ಇಳಿಯಿತು. ಆಡುಗಳನ್ನು ಕೂಗಿ ಹೊರಟೇಹೋದಳು. ಖಾಲಿ ಚೊಂಬು ಕೈಯಲ್ಲೇ ಇತ್ತು, ಅದು ಅವಳಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. 

ನಾನು ಪಶು ಆಸ್ಪತ್ರೆಗೆ ಹೋಗಿ ವಿಷಯ ತಿಳಿಸಿದೆ. ಆಮೇಲೆ ತಿಪ್ಪಕ್ಕ ಈ ಗುಡ್ಡದ ಕಡೆ ಬರಲಿಲ್ಲ. ಬೆಳಿಗ್ಗೆ ಎದ್ದರೆ ಬಂಡೆ ಖಾಲಿ. ಎಲೆಅಡಿಕೆಯ ಕೆಂಪು ಕಲೆ ಮಾತ್ರ ಇತ್ತು. ನಾನೇ ಗಲೀಜು ಎಂದು ಬೈಯುತ್ತಿದ್ದ ಕಲೆ, ಅದನ್ನು ತೊಳೆಯಲು ಮನಸ್ಸಾಗಲಿಲ್ಲ. ಮಾತ್ರೆ ನುಂಗುವುದು, ಫ್ಯಾನಿನ ಹುಂ ಕೇಳುವುದು. ಯುಗಾದಿಗೆ ಒಬ್ಬನೇ ಬೇವುಬೆಲ್ಲ ತಿಂದೆ. ಎರಡು ಸಲ ಹಟ್ಟಿಯ ಹತ್ತಿರದವರೆಗೂ ಇಳಿದು ವಾಪಸ್ ಬಂದೆ. ಜಗಳ ಮಾಡುವುದು ಗೊತ್ತಿದ್ದ ನನಗೆ ಸಮಾಧಾನ ಮಾಡುವುದು ಗೊತ್ತಿರಲಿಲ್ಲ.

ಒಂದು ದಿನ ಪಶುಡಾಕ್ಟರು ಬೈಕಿನಲ್ಲಿ ಗುಡ್ಡದ ಮೇಲೆ ಬಂದರು. ಆಡುಗಳ ರಕ್ತ ನೋಡಿದ್ದಾಯಿತಂತೆ. ನಾಲ್ಕರಲ್ಲಿ ರೋಗ ಇತ್ತಂತೆ, ಕೆಂಚಿಯಲ್ಲೂ. ಆ ನಾಲ್ಕನ್ನು ಸೂಜಿ ಚುಚ್ಚಿ ಸಾಯಿಸಿ, ಸುಣ್ಣ ಹಾಕಿ ಹೂಳಿಸಿದ್ದಾಯಿತು ಎಂದರು. ತಿಪ್ಪಕ್ಕನಿಗೂ ಇತ್ತು, ಆಸ್ಪತ್ರೆಯಿಂದ ಮಾತ್ರೆ ಕೊಟ್ಟಿದ್ದಾರೆ, ನುಂಗುತ್ತಿದ್ದಾಳೆ ಎಂದರು.

"ಗಲಾಟೆ ಮಾಡಿದ್ಲಾ ಸಾರ್?" ಎಂದು ಕೇಳಿದೆ.

"ಇಲ್ಲ ಕಣ್ರಿ. ಬೇರೆಯವರಾದ್ರೆ ಗುಟ್ಟಾಗಿ ಸಂತೇಲಿ ಮಾರಿಬಿಡ್ತಾರೆ. ಮಾರಬೇಡಮ್ಮ ಅಂತ ಹೇಳೋಕೆ ಬಾಯಿ ತೆಗೆದೆ, ಅವರೇ ಹೇಳಿದ್ರು. ಮಾರಲ್ಲ ಬಿಡ್ರಿ, ಒಬ್ಬಂಗೆ ಕೊಟ್ಟಿದ್ದೇ ಸಾಕು ಅಂದ್ರು."

ಡಾಕ್ಟರು ಹೋದ ಮೇಲೆ ನಾನು ಶೆಡ್ಡಿನೊಳಗೆ ಹೋಗಿ ಅತ್ತೆ. ಹೆಂಡತಿ ಸತ್ತಾಗಲೂ ಜನ ಇದ್ದಾರೆಂದು ತಡೆದುಕೊಂಡಿದ್ದವನು ನಾನು. ಇಲ್ಲಿ ನೋಡುವವರು ಯಾರಿದ್ದರು? ಜೋರಾಗಿಯೇ ಅತ್ತೆ.

ಆಷಾಢ ಬಂತು. ಗುಡ್ಡದ ಮೇಲೆ ಆಷಾಢದ ಗಾಳಿ ಎಂದರೆ ಮನುಷ್ಯನನ್ನೇ ಎತ್ತಿ ಹಾಕುವಂಥದ್ದು. ಫ್ಯಾನುಗಳು ಹುಚ್ಚು ಹಿಡಿದ ಹಾಗೆ ತಿರುಗುತ್ತಿದ್ದವು. ಒಂದು ಬೆಳಿಗ್ಗೆ ಆ ಗಾಳಿಯಲ್ಲಿ ತಿಪ್ಪಕ್ಕ ಹತ್ತಿ ಬರುವುದು ಕಂಡಿತು. ಹಿಂದೆ ಮುಂದೆ ಒಂದು ಆಡೂ ಇರಲಿಲ್ಲ. ಸೆರಗಿನೊಳಗೆ ಏನನ್ನೋ ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ಬಂಡೆಯ ಹತ್ತಿರ ಬಂದು ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ನನ್ನ ಚೊಂಬು. ಬುಡವೆಲ್ಲ ಮಸಿ. ಮೇಲೆ ಮುತ್ತುಗದ ಎಲೆ ಮುಚ್ಚಿತ್ತು. ಒಳಗೆ ಹಾಲು, ಹೊಗೆಯಾಡುತ್ತಿತ್ತು.

"ನಿನ್ನ ಚೊಂಬು ನನ್ನತ್ರ ಉಳ್ಕಂಡಿತ್ತು" ಎಂದಳು. "ಮಗಳು ಕರೀತಾವ್ಳೆ, ನಾಳೆ ಹಿರಿಯೂರಿಗೆ ಹೋಗ್ತೀನಿ. ಗುಡ್ಡ ಹತ್ತಾಕೆ ಸೊಂಟ ಬಿಡಲ್ಲ. ಉಳಿದಿದ್ದ ಆಡ್ನ ನಮ್ಮ ವಾರಗಿತ್ತಿಗೆ ಕೊಟ್ಟೆ. ಇನ್ನೊಬ್ಬರ ಚೊಂಬು ಇಟ್ಕಂಡು ಊರು ಬಿಡಬಾರ್ದು."

ಚೊಂಬು ಮುಂದೆ ಚಾಚಿದಳು. ಹೆದರಿಕೊಂಡು ಚಾಚಿದ ಹಾಗಿತ್ತು.

"ಬರಿ ಚೊಂಬು ವಾಪಸ್ ಕೊಡಬಾರ್ದು ಅಂತಾರೆ, ಅದಕ್ಕೆ ಹಾಕ್ಕಂಬಂದೆ. ರೋಗ ಇಲ್ಲದ ಆಡಿಂದೇ, ಡಾಕ್ಟ್ರು ನೋಡವ್ರೆ. ಮೂರು ಸಲ ಉಕ್ಕು ಬರ್ಸಿದೀನಿ. ಕುಡಿಯಾದ್ರೆ ಕುಡಿ, ಇಲ್ಲಾಂದ್ರೆ ನಾಯಿಗೆ ಹಾಕು."

ಕುಡಿದೆ. ಕುದಿಸಿ ಕುದಿಸಿ ತಳ ಹಿಡಿದು ಪೂರ್ತಿ ಸೀದುಹೋಗಿತ್ತು. ನನಗೆ ಸೀದ ವಾಸನೆ ಕಂಡರೆ ಆಗುವುದಿಲ್ಲ. ಹೆಂಡತಿ ಹಾಲು ಸೀಯಿಸಿದರೆ ಲೋಟ ಎತ್ತಿ ಬಿಸಾಡಿದವನು ನಾನು. ಅವತ್ತು ಕೆನೆಯ ಸಮೇತ ತಳದ ತನಕ ಕುಡಿದೆ. ತಿಪ್ಪಕ್ಕ ಕಣ್ಣು ಮಿಟುಕಿಸದೆ ನನ್ನ ಗಂಟಲನ್ನೇ ನೋಡುತ್ತಿದ್ದಳು.

ಏನಾದರೂ ಒಳ್ಳೆಯ ಮಾತು ಆಡಬೇಕಿತ್ತು. ಬಾಯಿಗೆ ಬಂದದ್ದು ಇಷ್ಟು, "ಸೀದೈತಲ್ಲಕ್ಕ."

"ಸೀದ್ರೆ ಸೀಯ್ಲಿ. ಕುಡಿದ್ಯಲ್ಲ, ಬಾಯಿ ಮುಚ್ಕಂಡಿರು" ಎಂದಳು. ಆಗ ಅವಳ ಮುಖದಲ್ಲಿ ಹಳೆಯ ತಿಪ್ಪಕ್ಕ ಒಂದು ಗಳಿಗೆ ಬಂದು ಹೋದಳು. ಸ್ವಲ್ಪ ಹೊತ್ತು ಬಂಡೆಯ ಮೇಲೆ ಕುಳಿತಳು. ಒಂದು ಎಲೆಅಡಿಕೆ ಹಾಕಿಕೊಂಡಳು. ಎದ್ದು ಸೊಂಟ ಹಿಡಿದುಕೊಂಡು ಇಳಿದು ಹೋದಳು. ತಿರುವಿನಲ್ಲಿ ಮರೆಯಾಗುವ ತನಕ ನಾನು ಚೊಂಬು ಹಿಡಿದು ನಿಂತಿದ್ದೆ.

ನನ್ನ ಜ್ವರ ಮತ್ತೆ ಬಂದಿಲ್ಲ. ತಿಪ್ಪಕ್ಕನೂ ಗುಣವಾಗಿದ್ದಾಳೆಂದು ಹಟ್ಟಿಯವರು ಹೇಳಿದರು. ಅವಳ ಹತ್ತಿರ ಫೋನಿಲ್ಲ, ಮಗಳ ಊರಿನ ಹೆಸರನ್ನು ನಾನು ಕೇಳಿಕೊಂಡಿರಲಿಲ್ಲ. ಅಂಥದ್ದನ್ನೆಲ್ಲ ಕೇಳುವ ಬುದ್ಧಿ ನನಗೆ ಯಾವಾಗ ಇತ್ತು? ಈಗಲೂ ನಾನು ಅದೇ ಶೆಡ್ಡಿನಲ್ಲಿದ್ದೇನೆ. ಜೀಪಿನವನು ಪ್ಯಾಕೆಟ್ ಹಾಲು ತಂದುಕೊಡುತ್ತಾನೆ. ಅದನ್ನು ಅದೇ ಚೊಂಬಿನಲ್ಲಿ ಕಾಯಿಸುತ್ತೇನೆ. ಒಂದು ಉಕ್ಕು ಬಂದರೆ ಸಾಕು ಎಂದು ಗೊತ್ತು. ಆದರೂ ಮೂರು ಉಕ್ಕು ಬರಿಸುತ್ತೇನೆ, ಸ್ವಲ್ಪ ಸೀದ ವಾಸನೆ ಬರುವ ತನಕ ಒಲೆ ಆರಿಸುವುದಿಲ್ಲ.